ದಾಳಿಂಬೆ ಅಂಗಮಾರಿಗೆ ನ್ಯಾನೋ ತಾಮ್ರ: ಬಾಟಲಿ ಕೊಳ್ಳುವ ಮುಂಚೆ

ಅಣ್ಣ, ಫೋಟೋ ನೋಡಿದೆ. ಭಗ್ವಾ ತಳಿಯ ದಾಳಿಂಬೆ ಕಾಯಿ ಮೇಲೆ ಎಣ್ಣೆ ಹಚ್ಚಿದಂತೆ ಕಪ್ಪು ಮಚ್ಚೆ, ನಡುವೆ ಸೀಳು. ನೋಡಿದರೆ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗವೇ ಅನಿಸುತ್ತದೆ. ಸ್ಟ್ರೆಪ್ಟೋಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಬಿಟ್ಟು ಅಂಗಡಿಯವರು ಹೇಳಿದ ನ್ಯಾನೋ ತಾಮ್ರ (ಅತಿ ಸಣ್ಣ ತಾಮ್ರದ ಕಣಗಳು) ಹೊಡೆಯಲಾ ಅಂತ ಕೇಳಿದ್ದೀರಿ.

ಸ್ಟ್ರೆಪ್ಟೋಸೈಕ್ಲಿನ್ ಬಿಡಿ, ಅದರಲ್ಲಿ ಎರಡು ಮಾತಿಲ್ಲ. ಅದರಲ್ಲಿರುವ ಸ್ಟ್ರೆಪ್ಟೊಮೈಸಿನ್ ಕ್ಷಯ ರೋಗಿಗಳಿಗೆ ಕೊಡುವ ಔಷಧಿ. ತೋಟದಲ್ಲಿ ಮತ್ತೆ ಮತ್ತೆ ಹೊಡೆದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತವೆ. ಆಮೇಲೆ ಗಿಡಕ್ಕೂ ಇಲ್ಲ, ಮನುಷ್ಯರಿಗೂ ಇಲ್ಲ. ಕೃಷಿಯಲ್ಲಿ ಇದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲೇ ಕರಡು ಆದೇಶ ಹೊರಡಿಸಿತ್ತು.

ಇನ್ನು ನ್ಯಾನೋ ತಾಮ್ರ. ಇದು ಸುಮ್ನೆ ಹುಟ್ಟಿದ ಮಾತಲ್ಲ. ತಾಮ್ರದ ಕಣ ಸಣ್ಣದಾದಷ್ಟೂ ಅಷ್ಟೇ ತೂಕಕ್ಕೆ ಹೊರಮೈ ಜಾಸ್ತಿ. ಅಲ್ಲಿಂದ ಬಿಡುಗಡೆಯಾಗುವ ತಾಮ್ರದ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಬ್ಯಾಕ್ಟೀರಿಯಾದ ಪೊರೆಯನ್ನೇ ಹಾಳು ಮಾಡುತ್ತವೆ, ಒಳಗಿನ ಪ್ರೋಟೀನುಗಳನ್ನೂ ಕೆಡಿಸುತ್ತವೆ. ಒಂದೇ ಕಡೆ ಹೊಡೆತ ಕೊಡುವ ಆ್ಯಂಟಿಬಯಾಟಿಕ್‌ನಂತೆ ಅಲ್ಲ. ಇದೇ ಅಂಗಮಾರಿ ಬ್ಯಾಕ್ಟೀರಿಯಾದ ಮೇಲೆ 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲೀಟರಿಗೆ 0.2 ಮಿಲಿಗ್ರಾಂ ನ್ಯಾನೋ ತಾಮ್ರವೇ ಬೆಳವಣಿಗೆ ತಡೆಯಿತು. ನಾವು ಮಾಮೂಲಿ ತಾಮ್ರದ ಔಷಧಿ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ ಎರಡು ಮೂರು ಗ್ರಾಂ ಹಾಕುತ್ತೇವೆ ಅಲ್ವಾ, ಹೋಲಿಸಿ ನೋಡಿ. ಆದರೆ ಅದು ಪ್ರಯೋಗಾಲಯದ ಲೆಕ್ಕ. ಮಳೆ, ಬಿಸಿಲು, ದಟ್ಟ ಎಲೆ ಇರುವ ತೋಟಕ್ಕೆ ಅದೇ ಲೆಕ್ಕ ಹಾಕಬೇಡಿ.

ಹಾಗಾಗಿ ಬಾಟಲಿಯ ಲೇಬಲ್ ಮೊದಲು ಓದಿ. ಗೊಬ್ಬರ ಅಂತ ನೋಂದಾಯಿಸಿದ ನ್ಯಾನೋ ತಾಮ್ರ ಪೋಷಕಾಂಶ, ಅಂಗಮಾರಿಯ ಔಷಧಿ ಅಲ್ಲ. ನ್ಯಾನೋ ಬೆಳ್ಳಿ ಕೊಟ್ಟರೆ ಬೇಡ ಅನ್ನಿ, ಅದು ಹೊಳೆಗೆ ಸೇರಿದರೆ ಮೀನಿಗೂ ಕೆಡುಕು.

ಇನ್ನೊಂದು ಮಾತು, ಸೀಳಿದ ಕಾಯಿ ಯಾವ ಔಷಧಿಗೂ ಮೊದಲಿನಂತಾಗುವುದಿಲ್ಲ. ತಾಮ್ರ ಹೊಸ ಸೋಂಕನ್ನು ತಡೆಯುತ್ತದೆ, ಅಷ್ಟೇ. ನಾನು ಮೃಗ ಬಹಾರದಲ್ಲಿ (ಜೂನ್-ಜುಲೈ ಹೂವಿನ ಫಸಲು) ಅರ್ಧ ಫಸಲು ಕಳೆದುಕೊಂಡ ಮೇಲೆ ಹಸ್ತ ಬಹಾರಕ್ಕೆ (ಸೆಪ್ಟೆಂಬರ್-ಅಕ್ಟೋಬರ್ ಹೂವಿನ ಫಸಲು) ಬದಲಾದೆ. ಕಾಯಿ ಕಟ್ಟುವಾಗ ಮಳೆ ಇಲ್ಲದಿದ್ದರೆ ಹನಿ ಸಿಡಿದು ರೋಗ ಹರಡುವುದು ಕಡಿಮೆ. ರೋಗ ಬಂದ ಕೊಂಬೆಯನ್ನು ಮಚ್ಚೆಯಿಂದ ಎರಡು ಇಂಚು ಕೆಳಗೆ ಕತ್ತರಿಸಿ, ಗಾಯಕ್ಕೆ ಶೇ 10ರ ಬೋರ್ಡೋ (ಮೈಲುತುತ್ತ, ಸುಣ್ಣದ ಮಿಶ್ರಣ) ಮುಲಾಮು ಹಚ್ಚಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣದಲ್ಲಿ ಅದ್ದಲೇಬೇಕು. ಬಿದ್ದ ಎಲೆ, ಕಾಯಿ ಒಟ್ಟು ಮಾಡಿ ಸುಟ್ಟುಬಿಡಿ. ಆಮೇಲೆ ಶೇ 1ರ ಬೋರ್ಡೋ ದ್ರಾವಣ ಹೊಡೆಯಿರಿ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿ. ಕೆಂಪು ಹತ್ತಿದರೆ ಸುಣ್ಣ ಸಾಲದು.

ನ್ಯಾನೋ ನೋಡಲೇಬೇಕು ಅನಿಸಿದರೆ ಒಂದು ಸಾಲಿಗೆ ಮಾತ್ರ ಹೊಡೆಯಿರಿ, ಪಕ್ಕದ ಸಾಲಿಗೆ ಬೋರ್ಡೋ. ಬಾಟಲಿಯ ಹಿಂಬದಿಯ ಫೋಟೋ ಇಲ್ಲಿ ಹಾಕಿ, ಏನಿದೆ ಅಂತ ನೋಡಿ ಹೇಳ್ತೀನಿ.