ಬಿಡುವಿನ ಖರ್ಚನ್ನೂ ಬಾಡಿಗೆಯಲ್ಲೇ ಎಣಿಸಬೇಕು

ಕಾರಟಗಿ ಕಡೆಯವರಾದ ನೀವು ಎರಡು ಲಾರಿಗಳನ್ನಿಟ್ಟುಕೊಂಡು ಭತ್ತ ಮತ್ತು ಅಕ್ಕಿಯ ಲೋಡು ಸಾಗಿಸುತ್ತಿರುವುದಾಗಿಯೂ, ಕೆಲವು ವರ್ಷಗಳಿಂದ ಒಂದು ಹಬ್ಬವನ್ನೂ ಮನೆಯವರೊಂದಿಗೆ ನೆಮ್ಮದಿಯಾಗಿ ಕಳೆದಿಲ್ಲವೆಂದೂ ಬರೆದಿದ್ದೀರಿ. ಸ್ವಂತ ಲಾರಿಯವರಿಗೆ ಬಿಡುವು ಎಂಬುದಿದೆಯೇ, ಇದ್ದರೆ ವಾಹನ ನಿಂತ ದಿನದ ನಷ್ಟವನ್ನು ತುಂಬಿಕೊಳ್ಳುವುದು ಹೇಗೆ, ಮೂರನೆಯ ಲಾರಿ ತೆಗೆದುಕೊಂಡರೆ ಭಾರ ಕಡಿಮೆಯಾಗುತ್ತದೆಯೇ ಎಂಬುವು ನಿಮ್ಮ ಪ್ರಶ್ನೆಗಳು. ನಾನು ಸಿಂಧನೂರಿನವನು, ನನ್ನದೂ ನಿಮ್ಮಷ್ಟೇ ಸಣ್ಣ ವ್ಯವಹಾರ. ಈ ಕಸುಬಿನಲ್ಲಿ ಕೆಲಸ ಎಂದೂ ಮುಗಿಯುವುದಿಲ್ಲವಾದ್ದರಿಂದ, ಮುಗಿದ ಮೇಲೆ ವಿಶ್ರಾಂತಿ ಎಂದು ಕಾಯುವವರಿಗೆ ಬಿಡುವು ಸಿಗುವುದಿಲ್ಲ. ಟೈರಿಗೆಂದು, ವಿಮೆಗೆಂದು ಹಣ ಎತ್ತಿಡುವ ಹಾಗೆಯೇ ಬಿಡುವಿಗೆಂದೂ ಬಾಡಿಗೆಯಲ್ಲಿ ಮೊದಲೇ ಎತ್ತಿಟ್ಟವರಿಗೆ ಅದು ಖಂಡಿತ ಸಿಗುತ್ತದೆ.

ಲೆಕ್ಕದಿಂದಲೇ ಆರಂಭಿಸುತ್ತೇನೆ. ಹತ್ತು ಚಕ್ರದ ಒಂದು ಲಾರಿಗೆ ಕಂತು, ಚಾಲಕರ ಸಂಬಳ, ವಿಮೆ, ತೆರಿಗೆ, ಪರ್ಮಿಟ್, ಎಫ್‌ಸಿ (ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಇವೆಲ್ಲ ಸೇರಿ ಓಡಿದರೂ ಓಡದಿದ್ದರೂ ತಪ್ಪದ ಖರ್ಚು ತಿಂಗಳಿಗೆ 1,08,000 ರೂಪಾಯಿ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ನಮ್ಮಲ್ಲಿ ಬಹುತೇಕರು ಇದನ್ನು 30ರಿಂದ ಭಾಗಿಸಿ, ದಿನಕ್ಕೆ 3,600 ರೂಪಾಯಿ ಬಿದ್ದರೆ ಸಾಕೆಂದು ತಿಳಿದು ಬಾಡಿಗೆ ಒಪ್ಪಿಕೊಳ್ಳುತ್ತಾರೆ. ಹಾಗೆ ಒಪ್ಪಿಕೊಂಡ ಕ್ಷಣದಲ್ಲೇ ತಿಂಗಳ ಮೂವತ್ತೂ ದಿನ ಮಾರಾಟವಾಗಿ ಹೋಗಿರುತ್ತವೆ. ಆ ಮೇಲೆ ಮಗಳಿಗೆ ಜ್ವರ ಬಂದರೂ, ಊರಲ್ಲಿ ತೇರು ಎಳೆದರೂ ಲಾರಿ ನಿಲ್ಲಿಸಿದರೆ ಅದು ನಷ್ಟವಾಗಿಯೇ ಕಾಣುತ್ತದೆ. ಅದೇ ಮೊತ್ತವನ್ನು, ಆರು ದಿನ ಬಿಡುವಿಗೆಂದು ಬಿಟ್ಟು, 24ರಿಂದ ಭಾಗಿಸಿ ನೋಡಿ. ದಿನಕ್ಕೆ 4,500 ರೂಪಾಯಿ ಆಗುತ್ತದೆ. ಮೂರು ದಿನದ ಒಂದು ಟ್ರಿಪ್ಪಿಗೆ ಈ ಎರಡು ಲೆಕ್ಕಗಳ ನಡುವಿನ ಅಂತರ 2,700 ರೂಪಾಯಿ. 18 ಟನ್ ಅಕ್ಕಿಯ ಮೇಲೆ ಹಂಚಿದರೆ ಕ್ವಿಂಟಾಲಿಗೆ 15 ರೂಪಾಯಿ, 25 ಕೆ.ಜಿ.ಯ ಒಂದು ಚೀಲಕ್ಕೆ ನಾಲ್ಕು ರೂಪಾಯಿಗೂ ಕಡಿಮೆ. ನಮ್ಮ ಹಬ್ಬಗಳೂ ನಿದ್ದೆಯೂ ಹೋಗುತ್ತಿರುವುದು ಇಷ್ಟು ಸಣ್ಣ ಮೊತ್ತಕ್ಕೆ.

ಬಾಡಿಗೆಯನ್ನು ನಿರ್ಧರಿಸುವವರು ನಾವಲ್ಲವಲ್ಲ, ಬ್ರೋಕರ್ ಹೇಳಿದ್ದೇ ದರವಲ್ಲವೇ ಎಂದು ನೀವು ಕೇಳಬಹುದು. ಅದು ನಿಜ. ಆದರೆ ಈ ಲೆಕ್ಕ ಕೈಯಲ್ಲಿದ್ದರೆ ಯಾವ ಲೋಡನ್ನು ಬಿಡಬೇಕು ಎಂಬುದು ಸ್ಪಷ್ಟವಾಗುತ್ತದೆ. ಖಾಲಿ ಬರುವುದಕ್ಕಿಂತ ವಾಸಿ ಎಂದು ಹಿಡಿಯುವ ಅಗ್ಗದ ರಿಟರ್ನ್ ಲೋಡು ಡೀಸೆಲ್ ಹಣವನ್ನು ಕೊಟ್ಟರೂ, ಲೋಡು ಮಾಡಲು ಒಂದು ದಿನ, ಇಳಿಸಲು ಎರಡು ದಿನ ತಿಂದುಬಿಡುತ್ತದೆ. ಆ ಮೂರು ದಿನಗಳ ಬೆಲೆ ಗೊತ್ತಿದ್ದವರು ಎಷ್ಟೋ ಸಲ ಖಾಲಿ ಲಾರಿಯನ್ನೇ ಮನೆಗೆ ತಿರುಗಿಸುತ್ತಾರೆ. ಹಾಗೆ ಮನೆಗೆ ಬಂದ ಲಾರಿಯೊಂದಿಗೆ ಚಾಲಕನೂ ಮನೆಗೆ ಬರುತ್ತಾನೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇಲ್ಲಿಯೇ ಒಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕಾಗಿದೆ. ನಿಂತ ಲಾರಿಯೆಲ್ಲ ಬಿಡುವಿನ ಲಾರಿಯಲ್ಲ. ಗೋದಾಮಿನ ಗೇಟಿನ ಹೊರಗೆ ಸರತಿಯಲ್ಲಿ ನಿಂತು, ಹಮಾಲರು ಯಾವಾಗ ಬರುತ್ತಾರೋ, ತೂಕದ ಕಾಟಾ ಯಾವಾಗ ಖಾಲಿಯಾಗುತ್ತದೋ ಎಂದು ಕಾಯುವ ದಿನವನ್ನು ಹೊರಗಿನವರು ವಿಶ್ರಾಂತಿ ಎಂದು ಭಾವಿಸುತ್ತಾರೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ, ಲಾರಿಯ ಅಡಿಯ ನೆರಳಲ್ಲಿ ತಾಡಪತ್ರಿ ಹಾಸಿಕೊಂಡು ಮಲಗುವ ಚಾಲಕನಿಗೆ ಕಣ್ಣು ಮುಚ್ಚುವ ಹಾಗಿಲ್ಲ, ಏಕೆಂದರೆ ಸರತಿ ಮುಂದೆ ಸರಿದಾಗ ಎದ್ದು ಲಾರಿ ಸರಿಸದಿದ್ದರೆ ಹಿಂದಿನವರು ನುಗ್ಗುತ್ತಾರೆ. ಆ ರಾತ್ರಿ ಅವನೇ ಮತ್ತೆ ಸ್ಟೇರಿಂಗ್ ಹಿಡಿಯಬೇಕು. ನಮ್ಮ ಕಸುಬಿನಲ್ಲಿ ದಣಿವು ಹೆಚ್ಚಾಗಿ ಹುಟ್ಟುವುದು ಇಂಥ ಕಾಯುವಿಕೆಯಲ್ಲಿ ಎಂದೇ ನಾನು ನಂಬಿದ್ದೇನೆ. ಆದ್ದರಿಂದ ಲಾರಿ ತಲುಪಿದ ಸಮಯವನ್ನು ಎಲ್‌ಆರ್ (ಲಾರಿ ರಸೀದಿ) ಪ್ರತಿಯ ಮೇಲೆ ಬರೆಸಿ, ಗೋದಾಮಿನವರ ಸಹಿ ಮಾಡಿಸಿ, ಅದರ ಫೋಟೊವನ್ನು ಕೂಡಲೇ ಕಳುಹಿಸುವಂತೆ ಚಾಲಕರಿಗೆ ಹೇಳಿಡಿ. ಎಷ್ಟು ಹೊತ್ತಿನ ನಂತರ ಹಾಲ್ಟಿಂಗ್ ಹಣ (ಲಾರಿ ಕಾಯಿಸಿದ್ದಕ್ಕೆ ಕೊಡುವ ಹಣ) ಆರಂಭವಾಗುತ್ತದೆ, ದಿನಕ್ಕೆ ಎಷ್ಟು ಎಂಬುದನ್ನು ಲೋಡು ಹಿಡಿಯುವಾಗಲೇ ಮಾತಾಡಿ ಬರೆಯಿಸಿಕೊಳ್ಳಿ. ಎಲ್ಲರೂ ಕೊಡುವುದಿಲ್ಲ. ಆದರೆ ಬರೆದಿಟ್ಟ ಸಮಯ ಇದ್ದಾಗ ಇಳಿಸುವ ಕೆಲಸ ಬೇಗ ನಡೆಯುವುದನ್ನು ಕಂಡಿದ್ದೇನೆ. ಹೀಗೆ ಉಳಿದ ದಿನಗಳೇ ಮನೆಯ ದಿನಗಳಾಗುತ್ತವೆ.

ಇನ್ನು ಬಿಡುವು ಯಾವಾಗ ಎಂಬ ಮಾತು. ನಮ್ಮ ಭಾಗದ ಸಾಗಣೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನೊಂದಿಗೆ ಏರಿಳಿಯುತ್ತದೆ. ಮುಂಗಾರು ಭತ್ತ ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಅದೇ ಹೊತ್ತಿಗೆ ರಾಯಚೂರಿನ ಮಾರುಕಟ್ಟೆಗೆ ಹತ್ತಿಯೂ ಬರುವುದರಿಂದ ಲಾರಿಗಳಿಗೆ ಬೇಡಿಕೆ ಹೆಚ್ಚು, ದರವೂ ಮೇಲೆ. ಜಲಾಶಯದಲ್ಲಿ ನೀರು ಉಳಿದ ವರ್ಷ ಬೇಸಿಗೆ ಬೆಳೆ ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಸುಗ್ಗಿಯನ್ನು ತರುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ರೈತರಷ್ಟೇ ಆತಂಕದಿಂದ ನಾವೂ ನೀರಿನ ಮಟ್ಟ ನೋಡುತ್ತಿದ್ದುದು ಇದೇ ಕಾರಣಕ್ಕೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ನಾಟಿಯ ಕಾಲದಲ್ಲಿ, ಮಿಲ್ಲುಗಳ ಲೋಡು ತೆಳುವಾಗುತ್ತದೆ. ಸುಗ್ಗಿಯ ತಿಂಗಳಲ್ಲಿ ಬಿಡುವು ಹುಡುಕುವುದು ವ್ಯರ್ಥ ಪ್ರಯತ್ನ, ಆಗ ಮನಸ್ಸಿಟ್ಟು ದುಡಿಯಬೇಕು. ಮಳೆಗಾಲದಲ್ಲಿ ಸಿಕ್ಕಿದ ದರಕ್ಕೆ ಓಡಿಸಿ ಟೈರು ಸವೆಸುವ ಬದಲು, ಸುಗ್ಗಿಯಲ್ಲಿ ಎತ್ತಿಟ್ಟ ಹಣದಿಂದ ಒಂದೊಂದೇ ಲಾರಿಯನ್ನು ಸರದಿಯಂತೆ ನಿಲ್ಲಿಸಬೇಕು.

ನಿಲ್ಲಿಸುವುದಕ್ಕೆ ಕೆಲಸವೂ ಇರುತ್ತದೆ. ಹೊಸ ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ನಿಮ್ಮ ಹಳೆಯ ಲಾರಿ ಆ ವಯಸ್ಸು ದಾಟಿದ್ದರೆ ಪಾಟಾ (ಸ್ಪ್ರಿಂಗ್ ಪಟ್ಟಿ), ಬ್ರೇಕ್ ಲೈನರ್, ಬಾಡಿಯ ಬೆಸುಗೆ, ಬಣ್ಣ ಇವೆಲ್ಲ ಶೆಡ್ಡಿನಲ್ಲಿ ನಡೆಯುವ ವಾರವನ್ನು ಶ್ರಾವಣದ ಆಸುಪಾಸಿಗೆ ಬರುವಂತೆ ಎಫ್‌ಸಿಯ ತಾರೀಖನ್ನು ಸ್ವಲ್ಪ ಮುಂಚಿತವಾಗಿಯೇ ಹೊಂದಿಸಿಕೊಳ್ಳಿ. ನಾಗರ ಪಂಚಮಿ ಆ ಹೊತ್ತಿಗೇ ಬರುತ್ತದೆ. ತವರಿಗೆ ಬಂದ ಅಕ್ಕತಂಗಿಯರು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ, ಎಳ್ಳುಂಡಿ ಶೇಂಗಾ ಉಂಡಿಗಳ ನಡುವೆ ಲಾರಿಯ ಮಾಲೀಕನೂ ಮನೆಯಲ್ಲಿರಲು ಸಾಧ್ಯವಾಗುವುದು ಹೀಗೆ. ದಸರೆಯ ಆಯುಧ ಪೂಜೆಯಂದು ಲಾರಿ ತೊಳೆದು, ಚೆಂಡು ಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆಯುವ ದಿನ ನಮ್ಮಲ್ಲಿ ಲೋಡಿನ ಮಾತೆತ್ತುವವರು ಕಡಿಮೆ. ಆ ಒಂದು ದಿನಕ್ಕೆ ಹಿಂದೆ ಮುಂದೆ ಎರಡು ದಿನ ಸೇರಿಸಿಕೊಂಡರೆ ಯಾವ ಟ್ರಾನ್ಸ್‌ಪೋರ್ಟ್ ಆಫೀಸಿನವರೂ ಮುನಿಯುವುದಿಲ್ಲ.

ಬಿಡುವು ಎಂದರೆ ಲಾರಿಗಳೆರಡೂ ನಿಲ್ಲಲೇಬೇಕೆಂದಿಲ್ಲ. ಒಂದು ಓಡುತ್ತಿರುವಾಗ ನೀವು ಮನೆಯಲ್ಲಿರಬೇಕಾದರೆ ಫೋನು ಬೇರೊಬ್ಬರ ಕೈಗೆ ಹೋಗಬೇಕು. ನಮ್ಮಲ್ಲಿ ಆ ಜವಾಬ್ದಾರಿ ನನ್ನ ಪತ್ನಿಯದು. ಫಾಸ್ಟ್ಯಾಗಿಗೆ ಹಣ ತುಂಬುವುದು, ಡೀಸೆಲ್ ಹಣ ಕಳುಹಿಸುವುದು ಸುಲಭವಾಗಿ ಕಲಿಯುವ ಕೆಲಸಗಳು. ಎಚ್ಚರ ಬೇಕಾದದ್ದು ಸರಕು ಸಾಗಣೆಯ ಜಿಎಸ್‌ಟಿ ಪತ್ರವಾದ ಇ-ವೇ ಬಿಲ್ಲಿನಲ್ಲಿ. ಸಿಮೆಂಟು, ಗೊಬ್ಬರದಂಥ ಸರಕು ತುಂಬಿದ್ದಾಗ ಪ್ರತಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅದರ ಅವಧಿ ಇರುತ್ತದೆ, ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯ ಒಳಗೆ ವಿಸ್ತರಿಸಿಕೊಳ್ಳಬೇಕು. ಇದನ್ನು ಬಲ್ಲ ಒಬ್ಬರು ಮನೆಯಲ್ಲಿದ್ದರೆ ನೀವು ಜಾತ್ರೆಯ ನಡುವೆ ಫೋನು ಹಿಡಿದು ಓಡಾಡುವುದು ತಪ್ಪುತ್ತದೆ. ತಮ್ಮನಿಗೋ ಅಳಿಯನಿಗೋ ಕಲಿಸಿದರೂ ಆದೀತು, ಆದರೆ ಅವರ ದುಡಿಮೆಗೆ ತಿಂಗಳ ಹಣ ನಿಗದಿ ಮಾಡಿ ಕೊಡಿ.

ಮಾಲೀಕನ ಬಿಡುವಿಗಿಂತ ಮೊದಲು ಬರಬೇಕಾದದ್ದು ಚಾಲಕನ ಬಿಡುವು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಗಳ ಕೆಲಸ, ಒಂದೇ ಸಮನೆ ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆಯ ವಿರಾಮ, ವಾರಕ್ಕೊಂದು ರಜೆ ಎಂದು ಹೇಳುತ್ತಿತ್ತು. ಅದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದುದರಿಂದ ನಿಮ್ಮ ನನ್ನಂಥವರು ಅದರ ಹೊರಗೆ ಉಳಿದಿದ್ದೆವು, ಆದರೆ ಚಾಲಕನ ಕಣ್ಣಿಗೆ ಬರುವ ನಿದ್ದೆ ಮಾಲೀಕನ ಬಳಿ ಎಷ್ಟು ಜನರಿದ್ದಾರೆ ಎಂದು ನೋಡುವುದಿಲ್ಲ. ರಾತ್ರಿ ಎರಡರಿಂದ ಐದು ಗಂಟೆಯವರೆಗೆ ನಮ್ಮ ಲಾರಿಗಳು ಓಡುವುದಿಲ್ಲ. ಆ ಹೊತ್ತಿಗೆ ಢಾಬಾದಲ್ಲೋ ಪೆಟ್ರೋಲ್ ಬಂಕಿನಲ್ಲೋ ನಿಲ್ಲಿಸಿ ಮಲಗಬೇಕೆಂಬುದನ್ನು ಸಂಬಳದ ಮಾತಾಡುವ ದಿನವೇ ಹೇಳಿರುತ್ತೇನೆ. ರಜೆಯ ದಿನಕ್ಕೆ ಬಾಟಾ (ದಿನದ ಭತ್ಯೆ) ಇಲ್ಲದಿದ್ದರೂ ಸಂಬಳ ಕಡಿತವಾಗಬಾರದು. "ಅಣ್ಣಾರೆ, ಈ ಸಲ ಹುಲಿಗೆಮ್ಮನ ಹುಣ್ಣಿವಿಗೆ ಹೋಗಿ ಬರ್ತೀನ್ರಿ" ಎಂದು ಚಾಲಕ ಕೇಳಿದಾಗ ಹಿಂದೆಮುಂದೆ ನೋಡದೆ ಹೂಂ ಎನ್ನಲು ಸಾಧ್ಯವಾಗುವುದು ಆ 24 ದಿನಗಳ ಲೆಕ್ಕ ಮೊದಲೇ ಆಗಿರುವುದರಿಂದ. ಓವರ್‌ಲೋಡಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2018ರಲ್ಲಿ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಲಾಗಿದೆ. ಅದಕ್ಕೂ ಮೀರಿ ತುಂಬಿದರೆ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ. ರಜೆಯ ಹಣವನ್ನು ಹೆಚ್ಚು ತೂಕ ತುಂಬಿ ಗಳಿಸುತ್ತೇನೆಂದು ಹೊರಟರೆ ಆ ಹಣ ಟೈರಿಗೂ ದಂಡಕ್ಕೂ ಹೋಗುತ್ತದೆ.

ಸಿಕ್ಕ ಬಿಡುವನ್ನು ಸವಿಯುವುದೂ ಅಭ್ಯಾಸದಿಂದ ಬರುವಂಥದ್ದು. ಮೊದಮೊದಲು ಕೈಕಾಲು ಸುಮ್ಮನಿರುವುದಿಲ್ಲ, ಲಾರಿ ಎಲ್ಲಿ ತಲುಪಿತೆಂದು ಜಿಪಿಎಸ್ ನೋಡುತ್ತಲೇ ಇರಬೇಕೆನಿಸುತ್ತದೆ. ನಾನು ರಜೆಯಲ್ಲಿ ಯಾವ ವಾಹನವನ್ನೂ ಓಡಿಸುವುದಿಲ್ಲ. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಅದು ಇನ್ನೂ ಸುಲಭವಾಗಿದೆ. ಮಕ್ಕಳನ್ನು ಕರೆದುಕೊಂಡು ಗಂಗಾವತಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಆನೆಗೊಂದಿಗೆ ಬಸ್ಸು ಹಿಡಿಯುತ್ತೇವೆ. ಸುಗ್ಗಿಯ ರಾತ್ರಿಗಳಲ್ಲಿ ಹೆಡ್‌ಲೈಟಿನ ಬೆಳಕಿನಲ್ಲಿ ಮಾತ್ರ ಕಂಡಿದ್ದ ಗದ್ದೆಗಳನ್ನು ಹಗಲಿನಲ್ಲಿ ಕಿಟಕಿಯಿಂದ ನೋಡುತ್ತಾ, ಗೇರು ಬದಲಿಸುವ ಚಿಂತೆಯಿಲ್ಲದೆ ಕುಳಿತಿರುವುದು ನನಗೆ ಬಹಳ ದೊಡ್ಡ ಸಂತೋಷ. ಜಲಾಶಯ ತುಂಬಿ ನದಿಗೆ ನೀರು ಬಿಟ್ಟ ವರ್ಷ ಅಣೆಕಟ್ಟೆಯ ಬಳಿಯ ಮುನಿರಾಬಾದಿಗೂ ಹೋಗಿ ಬರುತ್ತೇವೆ. ಬೇರೆ ವರ್ಷಗಳಲ್ಲಿ ಎಲ್ಲಿಗೂ ಹೋಗದೆ, ಮನೆಯ ಜಗುಲಿಯಲ್ಲಿ ಮಲಗಿ, ಹೊತ್ತೇರಿದ ಮೇಲೆ ಎದ್ದು, ಬಿಸಿ ರೊಟ್ಟಿ ಪುಂಡಿಪಲ್ಯ ಉಂಡು ಮತ್ತೆ ಮಲಗಿದ್ದೂ ಉಂಟು. ಎರಡೂ ನನಗೆ ಸಮಾನ.

ಕೊನೆಯದಾಗಿ ಮೂರನೆಯ ಲಾರಿ. ಬಳ್ಳಾರಿಯ ಅದಿರಿನ ಕಾಲವನ್ನು ನೀವೂ ಕಂಡಿರುತ್ತೀರಿ. ಬೇಲೆಕೇರಿಯ ಬಂದರಿಗೆ ಹಗಲುರಾತ್ರಿ ಓಡಿಸಿದರೆ ಕಂತು ತಾನಾಗಿ ತೀರುತ್ತದೆಂದು ನಂಬಿ, ಒಂದಿದ್ದವರು ಮೂರು, ಮೂರಿದ್ದವರು ಎಂಟು ಲಾರಿ ತೆಗೆದುಕೊಂಡರು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆ ಹಾಕಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಷರತ್ತುಗಳೊಂದಿಗೆ ಮತ್ತೆ ಅನುಮತಿ ಸಿಕ್ಕಿದ್ದು ಕೆಲವು ಗಣಿಗಳಿಗೆ 2012ರಲ್ಲಿ, ಇನ್ನಷ್ಟು ಗಣಿಗಳಿಗೆ 2013ರಲ್ಲಿ. ಆ ನಡುವೆ ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. ನಮ್ಮ ಬಂಧುಗಳಲ್ಲಿಯೇ ಸಾಲ ಕೊಟ್ಟವರು ಬಂದು ವಾಹನ ಎಳೆದೊಯ್ದ ಮನೆಗಳಿವೆ. ಅದಿರಿನ ಪ್ರಮಾಣವೇ ಬೇರೆ, ಭತ್ತದ ಸಾಗಣೆಯೇ ಬೇರೆ ಎಂಬುದನ್ನು ಒಪ್ಪುತ್ತೇನೆ, ಆದರೆ ಲಾರಿ ತಿಂಗಳ ಮೂವತ್ತು ದಿನವೂ ಓಡಿದರೆ ಮಾತ್ರ ತೀರುವ ಸಾಲ ಯಾವ ಸರಕಿನದಾದರೂ ಅಪಾಯವೇ. ಆದಾಯ ತೆರಿಗೆಯ ವಿಷಯವನ್ನೂ ಗಮನಿಸಿ. ಹತ್ತು ಲಾರಿಗಳವರೆಗೆ ಇರುವವರು ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡರೆ ಭಾರಿ ವಾಹನದ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿಯಂತೆ, ಅಂದರೆ 28.5 ಟನ್ನಿನ ಲಾರಿಗೆ 28,500 ರೂಪಾಯಿ ಆದಾಯವೆಂದು ಲೆಕ್ಕ ಹಿಡಿಯಲಾಗುತ್ತದೆ. ಲಾರಿ ನಿಮ್ಮ ಹೆಸರಿನಲ್ಲಿದ್ದಷ್ಟು ತಿಂಗಳಿಗೂ ಇದು ಅನ್ವಯಿಸುತ್ತದೆ, ಓಡಿತೋ ನಿಂತಿತೋ ಎಂಬುದು ಅಲ್ಲಿ ಬರುವುದಿಲ್ಲ.

ಈಗಿರುವ ಎರಡರಲ್ಲಿ ಒಂದರ ಕಂತಾದರೂ ಪೂರ್ತಿ ತೀರುವವರೆಗೆ ಮೂರನೆಯದನ್ನು ತೆಗೆದುಕೊಳ್ಳಬೇಡಿ ಎಂಬುದು ನನ್ನ ಸಲಹೆ. ಕಂತಿಲ್ಲದ ಲಾರಿ ಒಂದು ವಾರ ಅಂಗಳದಲ್ಲಿ ನಿಂತರೂ ಮನೆಯ ನಿದ್ದೆ ಕೆಡುವುದಿಲ್ಲ. ಅದು ಬಿಡುವಿಗೂ ಒಳ್ಳೆಯದು, ಇನ್ನೊಂದು ಲಾರಿ ಕೆಟ್ಟು ನಿಂತಾಗ ಹಿಡಿದ ಲೋಡನ್ನು ಉಳಿಸಿಕೊಳ್ಳುವುದಕ್ಕೂ ಒಳ್ಳೆಯದು. ನಿಮ್ಮ ಎರಡೂ ಲಾರಿಗಳ ಕಂತು ಎಷ್ಟು, ಯಾವ ತಿಂಗಳಲ್ಲಿ ಮುಗಿಯುತ್ತದೆ, ಹಳೆಯದರ ಎಫ್‌ಸಿ ಎಂದು ಎಂಬುದನ್ನು ತಿಳಿಸಿದರೆ, ಮುಂದಿನ ಪಂಚಮಿಗೆ ಯಾವುದನ್ನು ನಿಲ್ಲಿಸಬಹುದೆಂದು ಲೆಕ್ಕ ಹಾಕಿ ಬರೆಯುತ್ತೇನೆ.