‘ಅವನೇ ಹೊಳ್ಳಿ ಬರ್ತಾನ’ ಅಂತಾರೆ, ನನಗೆ ಭಯ ಆಗ್ತದೆ

ಪ್ರಶ್ನೆ: ನಾವು ಕಲಬುರಗಿಯವರು. ಹೋದ ವರ್ಷ ನಮ್ಮ ಐದು ವರ್ಷದ ಮಗ ಜ್ವರ ಬಂದು ತೀರಿಕೊಂಡ. ಈಗ ನಾನು ಆರು ತಿಂಗಳ ಬಸುರಿ. ನಮ್ಮ ಅತ್ತೆ ದತ್ತನ ಭಕ್ತರು, ಹುಣ್ಣಿಮೆ ಬಂತಂದ್ರೆ ಗಾಣಗಾಪುರಕ್ಕೆ ಹೋಗ್ತಾರೆ. ‘ಅವನೇ ಹೊಳ್ಳಿ ಬರ್ತಾನ, ನೀ ಚಿಂತಿ ಮಾಡಬ್ಯಾಡ’ ಅಂತಾರೆ. ತೊಟ್ಟಿಲಲ್ಲಿ ಇಡುವ ಹೆಸರೂ ಅದೇ ಅಂತ ತೀರ್ಮಾನ ಆಗಿದೆ. ಮೊನ್ನೆ ಟ್ರಂಕಿನಿಂದ ಅವನ ಅಂಗಿಗಳನ್ನು ತೆಗೆದು ಬಿಸಿಲಿಗೆ ಹಾಕಿದ್ರು. ಒಂದರಲ್ಲಿ ಎರಡನೇ ಗುಂಡಿ ಇಲ್ಲ, ಅವನು ಕಚ್ಚಿ ಕಚ್ಚಿ ಕಿತ್ತಿದ್ದು. ಅದನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೆಣ್ಣಾದರೆ ಏನು ಗತಿ? ಗಂಡಾದರೂ ಅವನಲ್ಲ ಅನ್ನಿಸಿದರೆ? ಅವನು ಹೋದ ದಿನ ಒಬ್ಬರು ‘ಹಿಂದಿನ ಜನ್ಮದ್ದು, ಉಣ್ಣಲೇಬೇಕು’ ಅಂದಿದ್ದು ಇನ್ನೂ ಕಿವಿಯಲ್ಲಿದೆ. ಆತ್ಮ ಅದೇ ಹೊಟ್ಟೆಗೆ ವಾಪಸ್ ಬರ್ತದಾ? ಬರದಿದ್ದರೆ ನನ್ನ ಮಗ ಎಲ್ಲಿದ್ದಾನೆ? ಗಂಡ ಬಾಯಿ ಬಿಡೋದಿಲ್ಲ. ಮುಂದಿನ ತಿಂಗಳು ಕುಬಸ ಇದೆ.

ಉತ್ತರ: ತಂಗಿ, ಮೊದಲು ಒಂದು ಮಾತು. ನಿಮ್ಮ ಭಯದಲ್ಲಿ ತಪ್ಪೇನೂ ಇಲ್ಲ. ಬರುತ್ತಿರುವ ಮಗುವಿನ ಪರವಾಗಿ ಈ ಮನೆಯಲ್ಲಿ ಯೋಚನೆ ಮಾಡ್ತಿರೋರು ಸದ್ಯಕ್ಕೆ ನೀವೊಬ್ಬರೇ. ಹೊಟ್ಟೆಯಲ್ಲಿರೋದು ನಿಮ್ಮ ಎರಡನೇ ಮಗು. ಪುನರ್ಜನ್ಮವನ್ನು ನೀವು ನಂಬಿ, ಬಿಡಿ, ಈ ಮಾತು ಬದಲಾಗೋದಿಲ್ಲ.

ನಂಬಿಕೆ ಬಿಡಿ ಅಂತ ನಾನು ಅತ್ತೆಗೂ ಹೇಳೋದಿಲ್ಲ, ನಿಮಗೂ ಹೇಳೋದಿಲ್ಲ. ಮೊಮ್ಮಗನನ್ನು ಕಳೆದುಕೊಂಡ ಮುದುಕಿ ಆಕೆ. ಆ ಮಾತು ಹಿಡಿದುಕೊಂಡೇ ದಿನ ದೂಡ್ತಿದ್ದಾರೆ. ಆದರೆ ಅವರು ನಂಬಿರುವ ಗಾಣಗಾಪುರದ ಕಥೆಯಲ್ಲೇ ನಿಮಗೆ ಬೇಕಾದದ್ದು ಇದೆ.

ದತ್ತಭಕ್ತರು ಓದುವ ಗುರುಚರಿತ್ರೆಯಲ್ಲಿ ಬರುವ ಅಗಸನ ಕಥೆ ಅತ್ತೆಗೆ ಖಂಡಿತ ಗೊತ್ತಿರ್ತದೆ. ಕೃಷ್ಣಾ ನದಿಯ ಕುರವಪುರದಲ್ಲಿ, ದತ್ತನ ಅವತಾರ ಅನ್ನುವ ಶ್ರೀಪಾದ ಶ್ರೀವಲ್ಲಭರಿಗೆ ದಿನಾ ಕೈಮುಗಿಯುತ್ತಿದ್ದ ಒಬ್ಬ ಅಗಸ. ಒಂದು ದಿನ ಹೊಳೆಯಲ್ಲಿ ರಾಜನೊಬ್ಬನ ವೈಭವ ನೋಡಿದ, ಅಂಥ ಸುಖ ನನಗೂ ಸಿಗಬಾರದೇ ಅನ್ನಿಸಿತು. ಮುಂದಿನ ಜನ್ಮದಲ್ಲಿ ಸಿಗ್ತದೆ ಅಂದರು ಗುರುಗಳು. ಅವನು ಬೀದರಿನಲ್ಲಿ ಸುಲ್ತಾನನಾಗಿ ಹುಟ್ಟಿದ. ಬೆಳೆದ, ಆಳಿದ. ತೊಡೆಯ ಮೇಲೆ ಹುಣ್ಣಾಗಿ, ಏನು ಮಾಡಿದರೂ ವಾಸಿಯಾಗದೆ, ಕೊನೆಗೆ ಗಾಣಗಾಪುರದ ಗುರು ನರಸಿಂಹ ಸರಸ್ವತಿಗಳ ಹತ್ತಿರ ಬಂದ. ಶ್ರೀಪಾದರೇ ಹೊಳ್ಳಿ ಬಂದು ಇವರಾದರು ಅಂತ ನಂಬಿಕೆ. ಅವರು ‘ಅಗಸ, ಇಷ್ಟು ದಿನ ಎಲ್ಲಿದ್ದೆ’ ಅಂತ ಕರೆದಾಗ ಅವನಿಗೆ ಹಿಂದಿನದೆಲ್ಲ ನೆನಪಾಯಿತು.

ಈ ಕಥೆಯನ್ನು ನಾವು ಹುಣ್ಣು ವಾಸಿಯಾದ ಪವಾಡಕ್ಕಾಗಿ ಕೇಳ್ತೇವೆ. ನೀವು ಬೇರೆ ಕಡೆ ಗಮನ ಕೊಡಿ. ಹೊಳ್ಳಿ ಬಂದವನು ಅದೇ ಮನೆಗೆ ಬರಲಿಲ್ಲ. ಅದೇ ಜಾತಿ, ಅದೇ ಧರ್ಮಕ್ಕೂ ಬರಲಿಲ್ಲ. ಹೆಸರು ಬೇರೆ, ಅಮ್ಮ ಬೇರೆ. ಬೀದರಿನ ಅರಮನೆಯಲ್ಲಿ ಯಾರೂ ಆ ಕೂಸಿಗೆ ಅಗಸನ ಹೆಸರಿಡಲಿಲ್ಲ, ಅಗಸನ ಅಂಗಿ ತೊಡಿಸಲಿಲ್ಲ. ಅದು ಸುಲ್ತಾನನ ಮಗನಾಗಿಯೇ ಬೆಳೆಯಿತು. ಹಿಂದಿನದನ್ನು ನೆನಪಿಸಿದ್ದು ಗುರು ಮಾತ್ರ, ಅದೂ ಅವನು ದೊಡ್ಡವನಾಗಿ ತಾನಾಗೇ ಹುಡುಕಿಕೊಂಡು ಬಂದ ಮೇಲೆ. ಬೇಡಿಕೊಂಡ ತಾಯಿಗೆ ಹೊಳ್ಳಿ ಹುಟ್ಟಿದ ಕಥೆಯೂ ಉಂಟಲ್ಲ ಅಂತ ಅತ್ತೆ ಕೇಳಬಹುದು. ಉಂಟು. ಶ್ರೀಪಾದರಂಥ ಮಗ ಬೇಕು ಅಂತ ಬೇಡಿದ ಹೆಣ್ಣುಮಗಳು ಮರುಜನ್ಮದಲ್ಲಿ ಅವರಿಗೇ ತಾಯಿಯಾದಳು. ಅಲ್ಲಿಯೂ ಆ ಮಗುವಿಗೆ ಇಟ್ಟಿದ್ದು ನರಹರಿ ಅನ್ನುವ ಹೊಸ ಹೆಸರು.

ಮರೆವಿನ ವಿಷಯವೂ ಹಾಗೇ. ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಹೇಳ್ತಾನೆ: ನಿನಗೂ ನನಗೂ ಎಷ್ಟೋ ಜನ್ಮ ಆಗಿವೆ, ನನಗೆ ಎಲ್ಲ ಗೊತ್ತು, ನಿನಗೆ ಗೊತ್ತಿಲ್ಲ. ಅರ್ಜುನನಂಥವನಿಗೇ ನೆನಪಿಲ್ಲ. ಗರ್ಭೋಪನಿಷತ್ತು ಅಂತ ಒಂದು ಪುಟ್ಟ ಉಪನಿಷತ್ತಿದೆ. ಅದರ ಪ್ರಕಾರ ಒಂಬತ್ತನೇ ತಿಂಗಳಲ್ಲಿ ಕೂಸಿಗೆ ಹಿಂದಿನ ಜನ್ಮಗಳ ನೆನಪು ಬರ್ತದೆ, ಹುಟ್ಟುವಾಗ ಒಂದು ಗಾಳಿ ತಾಗಿ ಎಲ್ಲ ಮರೆತುಹೋಗ್ತದೆ. ಮರೆತೇ ಬರುವ ಕೂಸಿಗೆ ನಾವು ನೆನಪಿನ ಪರೀಕ್ಷೆ ಇಡೋದು ಬೇಡ. ಇದು ಅವನಿಗೆ ಇಷ್ಟ ಇತ್ತು, ನಿನಗೆ ಯಾಕೆ ಇಷ್ಟ ಇಲ್ಲ ಅಂತ ಎರಡು ವರ್ಷದ ಮಗುವನ್ನು ಯಾರೂ ಕೇಳಬಾರದು. ಹೋದ ಮಗುವಿನ ಜಾಗ ತುಂಬಲಿಕ್ಕೆ ಅಂತ ಬೆಳೆದ ಮಕ್ಕಳು ಎಷ್ಟು ಭಾರ ಹೊರ್ತಾರೆ ಅನ್ನೋದನ್ನು ಮನೋವೈದ್ಯರು 1960ರ ದಶಕದಿಂದಲೇ ಬರೀತಾ ಬಂದಿದ್ದಾರೆ. ಆ ಮಕ್ಕಳಿಗೆ ಎಷ್ಟು ಮಾಡಿದರೂ ಸಾಲದು ಅನ್ನಿಸ್ತಾ ಇರ್ತದೆ, ಯಾಕಂದ್ರೆ ತೀರಿಕೊಂಡ ಮಗು ಯಾವತ್ತೂ ತಪ್ಪು ಮಾಡೋದಿಲ್ಲ.

ಇನ್ನು, ನನ್ನ ಮಗ ಎಲ್ಲಿದ್ದಾನೆ ಅಂದಿರಿ. ಇದಕ್ಕೆ ಒಂದೇ ಉತ್ತರ ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ನಮ್ಮ ನೆಲದಲ್ಲೇ ಎಷ್ಟು ಉತ್ತರ ಇವೆ ನೋಡಿ. ಮಳಖೇಡದಲ್ಲಿ ಟೀಕಾಚಾರ್ಯರನ್ನು ನೆನೆಯುವ ಮಾಧ್ವರನ್ನು ಕೇಳಿ: ಪ್ರತಿಯೊಂದು ಜೀವವೂ ಬೇರೆ ಬೇರೆ, ಎಂದೆಂದಿಗೂ ಬೇರೆಯೇ, ಒಂದು ಇನ್ನೊಂದಾಗೋದಿಲ್ಲ ಅಂತಾರೆ. ಶಂಕರರ ದಾರಿಯವರು ಎಲ್ಲರೊಳಗೂ ಇರೋದು ಒಂದೇ ಆತ್ಮ, ಅದಕ್ಕೆ ಹುಟ್ಟೂ ಇಲ್ಲ ಸಾವೂ ಇಲ್ಲ ಅಂತಾರೆ. ಬಸವಕಲ್ಯಾಣದ ಶರಣರ ಹಾದಿಯಲ್ಲಿ ಹೋದವರು ಲಿಂಗೈಕ್ಯರು, ಅವರು ಮತ್ತೆ ಬರಬೇಕಾಗಿಲ್ಲ. ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಸ್ತೂಪ ಕಟ್ಟಿದ ಬೌದ್ಧರು ಮರುಹುಟ್ಟನ್ನು ಒಪ್ಪಿದರು, ಆದರೆ ಬದಲಾಗದ ಆತ್ಮ ಒಂದಿದೆ ಅನ್ನೋದನ್ನು ಒಪ್ಪಲಿಲ್ಲ. ಇವರ ನಡುವೆ ಶತಮಾನಗಟ್ಟಲೆ ವಾದ ನಡೆದಿದೆ. ತೀರಿಕೊಂಡ ಮಗು ಅದೇ ತಾಯಿಯ ಮುಂದಿನ ಬಸುರಿನಲ್ಲಿ ಬಂದೇ ಬರ್ತದೆ ಅನ್ನುವ ನಿಯಮವನ್ನು ಇವರಲ್ಲಿ ಯಾರೂ ಹೇಳಿಲ್ಲ. ಇದರಲ್ಲಿ ನಿಮ್ಮ ಮನಸ್ಸು ಯಾವುದಕ್ಕೆ ಒಲಿಯುತ್ತದೋ ಅದನ್ನು ಹಿಡಿಯಿರಿ. ನನ್ನನ್ನು ಕೇಳಿದರೆ, ಅವನು ನಿಮ್ಮ ಮಗನಾಗಿದ್ದ ಐದು ವರ್ಷ ಅವನದ್ದೇ. ಬೇರೆ ಯಾವ ಮಗುವಿಗೂ ಅದನ್ನು ಎತ್ತಿ ಕೊಡಬೇಕಾಗಿಲ್ಲ. ಹೊಸ ಮಗುವನ್ನು ಮುದ್ದು ಮಾಡಿದರೆ ಅವನಿಗೆ ಮೋಸವೂ ಆಗೋದಿಲ್ಲ.

ಹಿಂದಿನ ಜನ್ಮದ್ದು ಅಂದವರ ಮಾತು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಕರ್ಮದ ದಾರಿ ಬಲು ಗಹನ ಅಂತ ಗೀತೆಯೇ ಹೇಳಿದೆ. ಅದನ್ನು ಸಾವಿನ ಮನೆಯ ಕಟ್ಟೆ ಮೇಲೆ ಕೂತು ಅಳೆಯಲಿಕ್ಕೆ ಯಾರಿಗೂ ಬರೋದಿಲ್ಲ. ನಿಮ್ಮ ಮಗನಿಗೆ ಜ್ವರ ಬಂತು, ನೀವು ಉಳಿಸಿಕೊಳ್ಳಲಿಕ್ಕೆ ಓಡಾಡಿದಿರಿ, ಉಳಿಯಲಿಲ್ಲ. ಇದರಲ್ಲಿ ನಿಮ್ಮ ಪಾಪ ಎಲ್ಲಿಂದ ಬಂತು?

ಮಾಡಬೇಕಾದ ಕೆಲಸ ಕುಬಸಕ್ಕೆ ಮುಂಚೆಯೇ ಆಗಲಿ. ಉಡಿ ತುಂಬಲಿಕ್ಕೆ ಬಂದ ಹೆಂಗಸರೆಲ್ಲ ಆ ಹೆಸರು ಹಿಡಿದು ಹಾಡಿ ಹರಸಿದ ಮೇಲೆ ಬೇಡ ಅನ್ನೋದು ಕಷ್ಟ. ಮೊದಲು ಗಂಡನ ಹತ್ತಿರ ಮಾತಾಡಿ. ಮಾತಾಡದವರಿಗೆ ದುಃಖ ಇಲ್ಲ ಅಂತಲ್ಲ. ನಿಮಗೂ ಹಾಗೇ ಅನ್ನಿಸ್ತದಾ ಅಂತ ಒಂದೇ ಪ್ರಶ್ನೆ ಕೇಳಿ ಸುಮ್ನೆ ಕೂತ್ಕೊಳ್ಳಿ. ಆಮೇಲೆ ಅತ್ತೆಯ ಹತ್ತಿರ ಇಬ್ಬರೂ ಹೋಗಿ. ಪುನರ್ಜನ್ಮ ನಿಜವೋ ಸುಳ್ಳೋ ಅನ್ನುವ ಚರ್ಚೆಗೆ ಇಳಿಯಬೇಡಿ. ‘ಅತ್ತಿ, ಅವನೇ ಬಂದ್ರೂ ಹೊಸ ಹೆಸರಲೇ ಬರ್ಲಿರಿ. ನೀವೇ ಚಂದದ್ದೊಂದು ಆರಿಸ್ರಿ, ಗಂಡಿಗೊಂದು ಹೆಣ್ಣಿಗೊಂದು’ ಅನ್ನಿ. ಹೆಸರು ಆರಿಸುವ ಕೆಲಸ ಅವರಿಗೇ ಬಿಟ್ಟರೆ ಅರ್ಧ ಹಟ ಅಲ್ಲೇ ಕರಗಬಹುದು. ಹೆಣ್ಣಿನ ಹೆಸರನ್ನೂ ಈಗಲೇ ಆರಿಸಿಟ್ಟರೆ ಹೆಣ್ಣಾದರೂ ಹೆಸರಿಟ್ಟು ಕಾಯುವವರು ಇದ್ದಂತಾಯಿತು.

ಅಂಗಿಗಳಲ್ಲಿ ನಿಮಗೆ ಬೇಕಾದದ್ದನ್ನು ನೀವು ಇಟ್ಟುಕೊಳ್ಳಿ. ಉಳಿದದ್ದು ಯಾರಿಗೆ, ಯಾವಾಗ ಅನ್ನೋದು ನಿಮಗೆ ಬಿಟ್ಟಿದ್ದು, ಅವಸರ ಇಲ್ಲ. ಮಗು ಹುಟ್ಟಿದ ಮೇಲೆ ಮೂಗು ಅವನದ್ದೇ, ಅಳೋದೂ ಹಾಗೇ ಅಂತ ಯಾರಾದರೂ ಅಂದೇ ಅಂತಾರೆ. ಒಂದೇ ಅಪ್ಪ ಅಮ್ಮನ ಮಕ್ಕಳಲ್ವಾ, ಹೋಲಿಕೆ ಇರಬೇಕಾದದ್ದೇ. ‘ಹೌದ್ರಿ, ಅಣ್ಣನ ಮೂಗು’ ಅನ್ನಿ. ಮಗುವಿಗೆ ಮಾತು ತಿಳಿಯುವ ವಯಸ್ಸಿಗೆ ಫೋಟೋ ತೋರಿಸಿ, ಇವನು ನಿನ್ನ ಅಣ್ಣ ಅಂತ ಹೇಳಿ.

ಕೊನೆಯದಾಗಿ, ನಿದ್ದೆ ಬರ್ತಾ ಇಲ್ಲ, ಊಟ ಸೇರ್ತಾ ಇಲ್ಲ, ಬದುಕೇ ಸಾಕು ಅನ್ನಿಸ್ತದೆ ಅಂದ್ರೆ ತಡ ಮಾಡಬೇಡಿ. ತಪಾಸಣೆಗೆ ಹೋದಾಗ ನಿಮ್ಮ ಡಾಕ್ಟರಿಗೆ ಹೋದ ವರ್ಷದ ವಿಷಯ ಬಾಯಿಬಿಟ್ಟು ಹೇಳಿ. ಬಸುರಿನಲ್ಲಿ ಈ ದುಃಖ ಮೈಗೂ ತಾಗ್ತದೆ, ಅವರಿಗೆ ಗೊತ್ತಿರಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಗಂಡನಿಗೆ ನಿಮ್ಮ ಎದುರು ಮಾತು ಬರದಿದ್ದರೆ ಅವರೂ ಇದೇ ನಂಬರಿಗೆ ಮಾಡಲಿ.