ಸೊಸೆಯ ಪೂರ್ವಜರು 1630ರಲ್ಲಿ ಅಮೆರಿಕಕ್ಕೆ ಬಂದವರಂತೆ, ಖಚಿತ ಮಾಡಿಕೊಳ್ಳುವುದು ಹೇಗೆ?

ನಿಮ್ಮ ಸೊಸೆಯ ತವರಿನವರು 1630ರ ಸುಮಾರಿಗೆ ಇಂಗ್ಲೆಂಡಿನಿಂದ ಮಸಾಚುಸೆಟ್ಸ್‌ಗೆ ಬಂದವರು ಎಂಬ ಮಾತಿದೆ, ಮೊಮ್ಮಗಳಿಗೆ ವಂಶವೃಕ್ಷ ಮಾಡಿಕೊಡಬೇಕು ಎಂದಿದ್ದೀರಿ. ನನ್ನ ಗಂಡನ ಕಡೆಯವರೂ ಅಲ್ಲಿಯವರೇ, ಅವರಿಗಾಗಿ ನಾನೂ ಇದೇ ಕೆಲಸ ಮಾಡಿದ್ದೇನೆ.

ಎಲ್ಲರೂ ಹಡಗಿನಲ್ಲಿ ಬಂದವರ ಕಾಲವನ್ನು ಹುಡುಕುವುದೇ ಕಷ್ಟ ಅಂದುಕೊಳ್ಳುತ್ತಾರೆ. ನಿಜವಾಗಿ ಕೈಕೊಡುವುದು 1790ರಿಂದ 1850ರ ನಡುವಿನ ಕಾಲ.

1620ರಿಂದ 1640ರೊಳಗೆ ನ್ಯೂ ಇಂಗ್ಲೆಂಡಿಗೆ (ಮಸಾಚುಸೆಟ್ಸ್ ಸೇರಿದ ಈಶಾನ್ಯ ಅಮೆರಿಕದ ಭಾಗ) ಬಂದವರು ಸುಮಾರು 20,000 ಜನ. ಅವರ ಬಗ್ಗೆ ಆಗಲೇ ಸಾಕಷ್ಟು ಜಾಲಾಡಿದ್ದಾರೆ. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ 1988ರಲ್ಲಿ ‘ಗ್ರೇಟ್ ಮೈಗ್ರೇಷನ್’ ಎಂಬ ಯೋಜನೆ ಶುರು ಮಾಡಿತು. ಮೊದಲ ವರ್ಷಗಳಲ್ಲಿ ಬಂದ ಒಂದೊಂದು ಕುಟುಂಬದ ಬಗ್ಗೆಯೂ ಅದರಲ್ಲಿ ಬರಹವಿದೆ: ಯಾವ ಚರ್ಚಿಗೆ ಸೇರಿದರು, ಎಷ್ಟು ಜಮೀನು ಸಿಕ್ಕಿತು, ಮಕ್ಕಳು ಯಾರು. ಊರೂರಲ್ಲೂ ಗುಮಾಸ್ತರು ಹುಟ್ಟು, ಮದುವೆ, ಸಾವು ಬರೆದಿಡುತ್ತಿದ್ದರು. ಮಸಾಚುಸೆಟ್ಸ್‌ನ ಬಹಳಷ್ಟು ಊರುಗಳ 1850ರವರೆಗಿನ ದಾಖಲೆ ಅಚ್ಚಾಗಿಯೇ ಇದೆ.

ತೊಂದರೆ ಬರುವುದು ಅವರ ಮುಂದಿನ ಪೀಳಿಗೆಯವರು ಜಮೀನು ಹುಡುಕಿಕೊಂಡು ನ್ಯೂಯಾರ್ಕ್ ರಾಜ್ಯಕ್ಕೆ, ಒಹಾಯೋಗೆ ಹೋದಾಗ. ನ್ಯೂಯಾರ್ಕಿನಲ್ಲಿ ರಾಜ್ಯಮಟ್ಟದ ಹುಟ್ಟು-ಸಾವು ನೋಂದಣಿ ಶುರುವಾದದ್ದೇ 1880ರ ಹೊತ್ತಿಗೆ. 1840ರವರೆಗಿನ ಜನಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ತಲೆಲೆಕ್ಕ. ಎಲ್ಲರ ಹೆಸರು ಬಂದದ್ದು 1850ರಲ್ಲಿ. ಯಜಮಾನನಿಗೆ ಅವರು ಏನಾಗಬೇಕು ಎಂದು ಬರೆದದ್ದು 1880ರಲ್ಲಿ. ನಮ್ಮೂರುಗಳಿಗೆ ಹೆಳವರು ಬಂದು ವಂಶಾವಳಿ ಓದಿ ಹೋಗುತ್ತಾರಲ್ಲ, ಅಂಥವರು ಅಲ್ಲಿ ಯಾರೂ ಇಲ್ಲ.

ಹಾಗಾಗಿ ಆಸ್ತಿ ಕಾಗದಗಳನ್ನು ಹಿಡಿಯಿರಿ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅವೇ. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಮಕ್ಕಳೆಲ್ಲ ಸೇರಿ ಜಮೀನು ಮಾರುತ್ತಿದ್ದರು. ಆ ಕ್ರಯಪತ್ರದಲ್ಲಿ ಮದುವೆಯಾದ ಹೆಣ್ಣುಮಕ್ಕಳೂ, ಅವರ ಗಂಡಂದಿರೂ ಸಿಗುತ್ತಾರೆ. ಮದುವೆಯಾದ ಮೇಲೆ ಮನೆತನದ ಹೆಸರು ಬದಲಾಗಿ ಕಳೆದುಹೋದ ಹೆಣ್ಣುಮಕ್ಕಳನ್ನು ಬೇರೆಲ್ಲಿ ಹುಡುಕುವುದು ಹೇಳಿ? ಪೂರ್ವಜ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸಿಪಾಯಿಯಾಗಿದ್ದರೆ ಪಿಂಚಣಿ ಕಡತವನ್ನೂ ನೋಡಿ. ಮದುವೆಗೆ ಪುರಾವೆ ಬೇಕೆಂದು ಕೆಲವು ವಿಧವೆಯರು ಮನೆಯವರ ಮದುವೆ, ಹುಟ್ಟು ಬರೆದಿಟ್ಟ ಬೈಬಲಿನ ಹಾಳೆಯನ್ನೇ ಹರಿದು ಕಳಿಸಿದ್ದಾರೆ, ಮಕ್ಕಳ ಹುಟ್ಟಿದ ದಿನಗಳ ಸಮೇತ.

ಹೆಸರು ಕೂಡಿತು ಅಂತ ಖುಷಿಪಡಬೇಡಿ. ಒಂದೇ ಊರಲ್ಲಿ ಒಂದೇ ಹೆಸರಿನವರು ನಾಲ್ಕೈದು ಜನ ಇರುತ್ತಿದ್ದರು. ಆಗ ‘ಜೂನಿಯರ್’ ಎಂದರೆ ಮಗನೇ ಆಗಬೇಕೆಂದಿರಲಿಲ್ಲ, ಅಣ್ಣನ ಮಗ ಆಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು. ಇನ್ನೊಂದು, 1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿ ತಾರೀಖುಗಳಲ್ಲಿ ಒಂದು ವರ್ಷ ಹಿಂದೆಮುಂದೆ ಆಗುತ್ತದೆ.

ಯಾರೋ ಆನ್‌ಲೈನಲ್ಲಿ ಹಾಕಿದ ವಂಶವೃಕ್ಷವನ್ನು ಸುಳಿವು ಅಂತ ಮಾತ್ರ ಇಟ್ಟುಕೊಳ್ಳಿ. ಸುಮಾರು ನೂರು ವರ್ಷದ ಹಿಂದೆ ಗುಸ್ಟಾವ್ ಆಂಜೌ ಎಂಬಾತ ದುಡ್ಡಿರುವ ಮನೆಗಳಿಗೆ ಸುಳ್ಳು ವಂಶಾವಳಿ ಮಾಡಿ ಮಾರುತ್ತಿದ್ದ. ಆ ಸುಳ್ಳುಗಳು ಇವತ್ತೂ ಒಬ್ಬರಿಂದೊಬ್ಬರಿಗೆ ನಕಲಾಗುತ್ತಿವೆ. 1620ರಲ್ಲಿ ಇಂಗ್ಲೆಂಡಿನಿಂದ ಬಂದ ‘ಮೇಫ್ಲವರ್ ಹಡಗಿನಲ್ಲೇ ಬಂದವರು’ ಎಂದು ಯಾರಾದರೂ ಹೇಳಿದರೂ ಅಷ್ಟೇ, ಪುರಾವೆ ಕೇಳಿ. ಅದರಲ್ಲಿದ್ದದ್ದು 102 ಜನ, ಮೊದಲ ಚಳಿಗಾಲದಲ್ಲೇ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸತ್ತರು.

ಈಗ ಮಾಡಬೇಕಾದ್ದು ಇಷ್ಟು. ಸೊಸೆಯ ಅಜ್ಜಿ ಇದ್ದರೆ ಅವರ ತಾಯಿಯ ತವರಿನ ಹೆಸರು, ಹುಟ್ಟಿದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕೇಳಿ. ಆಮೇಲೆ ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ 1950ರ ಜನಗಣತಿಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ದುಡ್ಡು ಕೊಡಬೇಕಿಲ್ಲ. 1850ಕ್ಕೆ ತಲುಪಿದಾಗ ಕೌಂಟಿಯ ಹೆಸರು ಹಾಕಿ ಇಲ್ಲೇ ಬರೆಯಿರಿ, ಕ್ರಯಪತ್ರ ಹುಡುಕುವುದಕ್ಕೆ ನಾನೂ ಕೈ ಜೋಡಿಸುತ್ತೇನೆ.